ಒಂದೂವರೆ ಮಿಲಿಮೀಟರಿನ ಮಳೆಗಾಲ

ಕಳೆದ ವಾರ ಮಂಗಳೂರಿನ ಕೊಡಿಯಾಲ್‌ಬೈಲಿನಲ್ಲಿ ನಾನು ಕೂತಿದ್ದ ರಿಕ್ಷಾ ಒಂದು ಟೆಂಪೋದ ಹಿಂದೆ ಸಿಕ್ಕಿಕೊಂಡಿತು. ಕಾಲೇಜು ಬಿಡುವ ಹೊತ್ತು. ಮುಂದೆ ಹೋಗುವಂತಿಲ್ಲ, ಹಿಂದೆ ಬರುವಂತಿಲ್ಲ. ಟೆಂಪೋದ ತುಂಬ ಎಣ್ಣೆಯ ಡಬ್ಬಗಳು. ಒಂದರ ಮುಚ್ಚಳ ಸರಿಯಾಗಿ ಕೂತಿರಲಿಲ್ಲವೆಂದು ಕಾಣುತ್ತದೆ, ದಪ್ಪ ಕಪ್ಪು ಎಣ್ಣೆ ಹಲಗೆಯ ಸಂದಿನಿಂದ ತೊಟ್ಟು ತೊಟ್ಟಾಗಿ ರಸ್ತೆಗೆ ಬೀಳುತ್ತಿತ್ತು. “ಎಂತ ವಾಸನೆ ಮಾರಾಯ್ರೆ, ತಲೆ ತಿರುಗ್ತದೆ” ಎಂದು ರಿಕ್ಷಾದವರು ಮೂಗಿಗೆ ಕರವಸ್ತ್ರ ಹಿಡಿದರು. ನಾನು ತಲೆ ಹೊರಗೆ ಹಾಕಿ ಎಳೆದು ಮೂಸಿದೆ. ಗೇರೆಣ್ಣೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಎಣ್ಣೆ. ಮರಕ್ಕೆ ಹಚ್ಚಿದರೆ ಗೆದ್ದಲು ಹತ್ತಿರ ಸುಳಿಯುವುದಿಲ್ಲ, ಕೈಗೆ ತಾಗಿದರೆ ಚರ್ಮ ಏಳುತ್ತದೆ. ಆ ವಾಸನೆ ಬಂದರೆ ಸಾಕು, ನನ್ನ ಎಡಗೈಯ ಎರಡು ಬೆರಳು ಈಗಲೂ ತಾವಾಗಿಯೇ ತುರಿಸತೊಡಗುತ್ತವೆ. ಒಂದು ಬಾಟಲಿ ಗೇರೆಣ್ಣೆ ನನ್ನ ಇಡೀ ಒಂದು ಮಳೆಗಾಲವನ್ನು ತಿಂದುಹಾಕಿತ್ತು.

ಎಂಟು ವರ್ಷದ ಹಿಂದಿನ ಮಾತು. ಆಗ ನನಗೆ ಇಪ್ಪತ್ತೆಂಟು. ನಗರದ ಹೊರಗೆ ಗುಡ್ಡದ ಮೇಲಿದ್ದ ಒಂದು ಸಣ್ಣ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದೆ. ಬೆಳಿಗ್ಗೆ ಉಳ್ಳಾಲದಿಂದ ಹೊರಟು, ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸಿ, ಗುಡ್ಡ ಹತ್ತಿ ಲ್ಯಾಬಿನ ಬೀಗ ತೆಗೆಯುವಾಗ ಒಂಬತ್ತು ಗಂಟೆ. ನಮ್ಮದು ಮೀನುಗಾರರ ಮನೆ. ಅಪ್ಪ ಬೋಟಿಗೆ ಹೋಗುತ್ತಿದ್ದರು, ಅಮ್ಮ ಮಾರ್ಕೆಟಿನಲ್ಲಿ ಮೀನು ಮಾರುತ್ತಿದ್ದಳು. ನಾನು ಏನು ಓದುತ್ತಿದ್ದೇನೆ ಎಂದು ಯಾರಾದರೂ ಕೇಳಿದರೆ ಅಮ್ಮ “ಫ್ಯಾನಿನದ್ದು” ಅನ್ನುತ್ತಿದ್ದಳು. ತಿದ್ದಿ ತಿದ್ದಿ ಸಾಕಾಗಿ ಬಿಟ್ಟುಬಿಟ್ಟಿದ್ದೆ.

ಪೂರ್ತಿ ತಪ್ಪೂ ಅಲ್ಲ ಅದು. ಗ್ಯಾಸ್ ಟರ್ಬೈನ್ ಅಂದರೆ ಬಿಸಿ ಅನಿಲದ ರಭಸಕ್ಕೆ ತಿರುಗುವ ಬ್ಲೇಡುಗಳ ಚಕ್ರ. ಚಕ್ರದ ಸುತ್ತ ಒಂದು ಕವಚ. ಬ್ಲೇಡಿನ ತುದಿ ಕವಚಕ್ಕೆ ಉಜ್ಜಬಾರದು, ಹಾಗಾಗಿ ನಡುವೆ ಸ್ವಲ್ಪ ಸಂದು ಬಿಡಲೇಬೇಕು. ಕಷ್ಟ ಇರುವುದೇ ಅಲ್ಲಿ. ಬ್ಲೇಡನ್ನು ತಳ್ಳಬೇಕಾದ ಅನಿಲದಲ್ಲಿ ಒಂದು ಪಾಲು ಕೆಲಸ ಮಾಡದೆ ಆ ಸಂದಿನಿಂದ ನುಸುಳಿ ಆಚೆಗೆ ಹೋಗುತ್ತದೆ. ಹೋದದ್ದು ಸುಮ್ಮನೆ ಹೋಗುವುದಿಲ್ಲ, ಆಚೆ ಬದಿಯಲ್ಲಿ ಸುಳಿ ಎಬ್ಬಿಸಿ ಸರಿಯಾಗಿ ಹರಿಯುತ್ತಿದ್ದ ಅನಿಲವನ್ನೂ ಕೆಡಿಸುತ್ತದೆ. ಸಂದು ಮುಚ್ಚುವಂತಿಲ್ಲ, ಬಿಡುವಂತಿಲ್ಲ. ಉಳಿದಿರುವ ದಾರಿ ತುದಿಯ ಆಕಾರ ಬದಲಿಸುವುದು. ಚಪ್ಪಟೆ ತುದಿಯ ಬದಲು ಸುತ್ತ ಸಣ್ಣ ಅಂಚು ಎಬ್ಬಿಸಿ ನಡುವೆ ತಗ್ಗು ಮಾಡಿದರೆ, ಊಟದ ಬಟ್ಟಲಿನ ಹಾಗೆ, ನುಸುಳುವ ಗಾಳಿ ಎಡವಿ ನಿಧಾನವಾಗುತ್ತದೆ. ಇದು ಎಲ್ಲರಿಗೂ ಗೊತ್ತಿದ್ದದ್ದು. ನನ್ನ ಸ್ವಂತದ್ದು ಅಂದರೆ, ಆ ಅಂಚನ್ನು ಒಂದು ಬದಿಯಲ್ಲಿ ಸ್ವಲ್ಪ ಕತ್ತರಿಸಿಬಿಟ್ಟರೆ ಸೋರಿಕೆ ಇನ್ನೂ ಕಡಿಮೆಯಾಗುತ್ತದೆ ಎಂಬ ಹಟ. ಕಂಪ್ಯೂಟರ್ ಹೌದೆಂದಿತ್ತು. ಗಾಳಿಯ ಬಾಯಿಂದ ಹೌದು ಅನ್ನಿಸಬೇಕಿತ್ತು.

ಅದಕ್ಕೆಂದೇ ಲ್ಯಾಬಿನಲ್ಲಿ ಒಂದು ಗಾಳಿ ಸುರಂಗ ಕಟ್ಟಿದ್ದೆವು. ಅದರಲ್ಲಿ ಐದು ಬ್ಲೇಡುಗಳ ಸಾಲು. ಬ್ಲೇಡುಗಳ ತಲೆಗೆ ಟೊಪ್ಪಿಯ ಹಾಗೆ ಸ್ಕ್ರೂ ಹಾಕಿ ಕೂರಿಸುವ ತುದಿಗಳು, ಬೇಕಾದಾಗ ಬದಲಿಸಬಹುದು. ತುದಿಗಳ ಎದುರಿಗೆ ಕವಚದ ಜಾಗದಲ್ಲಿ ಪ್ಲೈವುಡ್ಡಿನ ಗೋಡೆ. ತುದಿಗೂ ಗೋಡೆಗೂ ನಡುವೆ ಒಂದೂವರೆ ಮಿಲಿಮೀಟರ್ ಸಂದು. ಬ್ಲೇಡುಗಳ ಹಿಂದೆ ಸೂಜಿಯಂಥ ಕೊಳವೆಯನ್ನು ಸರಿಸುತ್ತ, ಗಾಳಿ ಎಷ್ಟು ಒತ್ತಡ ಕಳೆದುಕೊಂಡಿದೆ ಎಂದು ಅಳೆಯುವುದು ನನ್ನ ಕೆಲಸ. ಅಳತೆ ಎಲ್ಲ ನಡುವಿನ ಬ್ಲೇಡಿನ ಹಿಂದೆ.

ಅದನ್ನು ಕಟ್ಟಿದವರು ಸಂಜೀವಣ್ಣ, ವರ್ಕ್‌ಶಾಪಿನ ಫಿಟ್ಟರ್, ಸುರತ್ಕಲ್‌ನವರು. ನಿವೃತ್ತಿಗೆ ಎರಡು ವರ್ಷ ಇತ್ತು. ಸಾಣೆ ಹಿಡಿಯುವ ಮೊದಲು ಒಮ್ಮೆ, ಆದ ಮೇಲೆ ಒಮ್ಮೆ ಹೆಬ್ಬೆರಳಿನಿಂದ ಸವರಿ ನೋಡುವ ಮನುಷ್ಯ. ನನ್ನ ಗೈಡು ಪಾಟೀಲ ಸರ್, ವಿಜಯಪುರದ ಕಡೆಯವರು. ಮಂಗಳೂರಿಗೆ ಬಂದು ಇಪ್ಪತ್ತು ವರ್ಷವಾದರೂ ಮಳೆ ಬಂದಾಗಲೆಲ್ಲ ಅದನ್ನು ಯಾರೋ ತಮಗೆ ಬೇಕೆಂದೇ ಮಾಡಿದ ತೊಂದರೆ ಎಂಬಂತೆ ನೋಡುತ್ತಿದ್ದರು.

ಆ ವರ್ಷ ಒಂದು ಅವಕಾಶ ಬಂದಿತ್ತು. ಬೆಂಗಳೂರಿನ ಒಂದು ಸಂಸ್ಥೆಯವರು ತಮ್ಮ ನಿಜವಾದ ತಿರುಗುವ ಟರ್ಬೈನಿನಲ್ಲಿ ಯಾವುದಾದರೂ ಒಂದು ಹೊಸ ತುದಿಯನ್ನು ಹಾಕಿ ಓಡಿಸಲು ಒಪ್ಪಿದ್ದರು. ಒಂದೇ ಒಂದು. ಮೂರು ಕಾಲೇಜುಗಳು ಸಾಲಿನಲ್ಲಿದ್ದವು. ಆಗಸ್ಟಿನ ಮೊದಲ ವಾರ ಬಂದು ನೋಡಿ ತೀರ್ಮಾನಿಸುವುದು ಎಂದಿತ್ತು. ನನಗೆ ಬೇರೇನೂ ಬೇಡವಾಗಿತ್ತು. ನನ್ನ ತುದಿ ಒಮ್ಮೆ ಬೆಂಕಿಯಲ್ಲಿ ತಿರುಗಬೇಕು, ಅಷ್ಟೆ. ಇಷ್ಟು ಆಸೆಯನ್ನು ನಾನು ಮದುವೆಯ ಮಾತಿನ ಮೇಲೆ ಇಟ್ಟಿದ್ದರೆ ಎರಡು ಮಕ್ಕಳಾಗಿರುತ್ತಿದ್ದವು ಎಂದು ಅಮ್ಮ ಹೇಳುತ್ತಿದ್ದಳು.

ಮಾರ್ಚಿನಲ್ಲಿ ಚಪ್ಪಟೆ ತುದಿ ಹಾಕಿ ಅಳೆದೆವು. ಮುಂದಿನ ಹೋಲಿಕೆಗೆಲ್ಲ ಅದೇ ಆಧಾರ. ಏಪ್ರಿಲ್, ಮೇ ಹೊಸ ತುದಿಗಳನ್ನು ಮಾಡುವುದರಲ್ಲೇ ಕಳೆಯಿತು. ಮೇ ಕೊನೆಗೆ ಗಾಳಿಯಲ್ಲಿ ಪಸೆ ಬಂತು. ಹಿಂದಿನ ಮಳೆಗಾಲ ಲ್ಯಾಬಿನ ಕುರ್ಚಿ, ಮೇಜು, ಫೈಲು ಎಲ್ಲದಕ್ಕೂ ಬೂಸು ಹಿಡಿದದ್ದು ನೆನಪಿತ್ತು. ಸುರಂಗದ ಪ್ಲೈವುಡ್ ಗೋಡೆಗೂ ಹಿಡಿದರೆ ಏನು ಗತಿ? ಮನೆಯಲ್ಲಿ ಅಪ್ಪ ದೋಣಿಗೆ ಹಚ್ಚಲು ತಂದಿಟ್ಟ ಗೇರೆಣ್ಣೆ ಇತ್ತು. ಮಳೆಗೆ ಮುಂಚೆ ಉಳ್ಳಾಲದಲ್ಲಿ ಮರದ್ದು ಎಂಬುದೆಲ್ಲ ಆ ಎಣ್ಣೆ ಕುಡಿಯುತ್ತದೆ. ದೋಣಿ, ಹುಟ್ಟು, ಕಿಟಕಿ, ಬಾಗಿಲು. ಒಂದು ಬಾಟಲಿಯಲ್ಲಿ ತುಂಬಿಸಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ ನನ್ನನ್ನು ಹಿಂದಿನ ಸೀಟಿಗೆ ಅಟ್ಟಿದ.

ಸಂಜೀವಣ್ಣ ಬಾಟಲಿ ನೋಡಿ ಖುಷಿಪಟ್ಟರು. “ಒಳ್ಳೆ ಕೆಲಸ ಮಾಡಿದೆ ಮಾರಾಯ್ತಿ. ಇದಕ್ಕಿಂತ ದೊಡ್ಡ ಔಷಧಿ ಇಲ್ಲ.” ಪಾಟೀಲ ಸರ್ ಬಾಗಿಲಲ್ಲೇ ನಿಂತು ಮೂಗು ಹಿಂಡಿದರು. “ಏನವಾ ಇದು, ಸತ್ತ ಇಲಿ ಕರದಂಗ ನಾರತೈತಿ” ಅಂದರೂ ಬೇಡವೆನ್ನಲಿಲ್ಲ. ಗೋಡೆಯ ಹೊರಬದಿಗೆ ಎರಡು ಸುತ್ತು ಹಚ್ಚಿದೆ. ಒಳಬದಿಯಲ್ಲಿ ಗಾಳಿ ಹರಿಯುತ್ತದೆ, ಅಲ್ಲಿ ಎಣ್ಣೆ ಅಂಟು ಬಿಟ್ಟರೆ ಕಷ್ಟ ಎಂದು ಅದನ್ನು ಹಾಗೆಯೇ ಬಿಟ್ಟೆ. ಎರಡು ಬೆರಳಿನ ಚರ್ಮ ಎದ್ದುಹೋಯಿತು. ಬಾಟಲಿಯಲ್ಲಿ ಉಳಿದದ್ದನ್ನು ಬಿಸಾಡಲು ಮನಸ್ಸಾಗದೆ ಮನೆಗೆ ತಂದು ಬಚ್ಚಲುಮನೆಯ ಬಾಗಿಲಿಗೆ ಬಳಿದೆ. ಹೊರಗಿನ ಬದಿಗೆ ಸಾಲುವಷ್ಟೇ ಇತ್ತು. ಇದನ್ನು ನೆನಪಿಟ್ಟುಕೊಳ್ಳಿ.

ಜೂನ್ ಬಂತು, ಮಳೆ ಬಂತು. ಲ್ಯಾಬಿನದ್ದು ತಗಡಿನ ಮಾಡು, ಮಾತಾಡಿದರೆ ಕಿವಿಗೆ ಬಾಯಿ ಇಟ್ಟು ಮಾತಾಡಬೇಕು. ನನ್ನ ಕತ್ತರಿಸಿದ ಅಂಚಿನ ತುದಿಯನ್ನು ಹಾಕಿ ಗಾಳಿ ಬಿಟ್ಟೆವು. ಬಂದ ಅಂಕಿ ನೋಡಿ ನಾನು ಲೆಕ್ಕ ತಪ್ಪಿದೆನೆಂದುಕೊಂಡು ಮತ್ತೆ ಮಾಡಿದೆ. ಮತ್ತೆಯೂ ಅದೇ. ಸೋರಿಕೆಯ ನಷ್ಟ ಮಾರ್ಚಿನ ಅರ್ಧಕ್ಕೆ ಬಂದಿತ್ತು! ಪಾಟೀಲ ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿ, ಕ್ಯಾಂಟೀನಿನಿಂದ ಎಲ್ಲರಿಗೂ ಗೋಳಿಬಜೆ ತರಿಸಿದರು. ಅದೇ ಸಂಜೆ ಗ್ರಾಫು ಬೆಂಗಳೂರಿಗೆ ಹೋಯಿತು. ಬಸ್ಸಿನಲ್ಲಿ ನೇತ್ರಾವತಿ ಸೇತುವೆ ದಾಟುವಾಗ ಕೆಳಗೆ ಕೆಂಪು ನೀರು ತುಂಬಿ ಹರಿಯುತ್ತಿತ್ತು. ನಾನು ಒಬ್ಬಳೇ ನಗುತ್ತಿದ್ದೆ.

ಸಂಜೀವಣ್ಣ ಮಾತ್ರ ಒಂದು ಮಾತು ಕೇಳಿದ್ದರು. “ಸಂದು ನೋಡಿದ್ದೀಯಲ್ಲ?”

“ದಿನಾ ನೋಡ್ತೇನೆ.” ನೋಡುತ್ತಿದ್ದದ್ದು ನಿಜ. ತೆಳು ಉಕ್ಕಿನ ಪಟ್ಟಿಯೊಂದನ್ನು ಸಂದಿಗೆ ತೂರಿಸಿ ಅಳೆಯುವುದು. ಆದರೆ ಪಟ್ಟಿ ತಲುಪುತ್ತಿದ್ದದ್ದು ಎರಡು ಕೊನೆಯ ಬ್ಲೇಡುಗಳಿಗೆ ಮಾತ್ರ. ಕೊನೆಯಲ್ಲಿ ಒಂದೂವರೆ ಇದ್ದರೆ ನಡುವಿನಲ್ಲಿಯೂ ಒಂದೂವರೆ ಎಂದು ನಾನು ನಂಬಿದ್ದೆ.

ಜುಲೈ ಎರಡನೆಯ ವಾರ ಬೆಂಗಳೂರಿನವರಿಗೆ ತೋರಿಸಲು ಚಿತ್ರಗಳು ಬೇಕಾದವು. ಚಪ್ಪಟೆ ತುದಿಯದ್ದೂ ಒಂದು ಇರಲಿ ಎಂದು ಅದನ್ನು ಮತ್ತೆ ಕೂರಿಸಿ ಫೋಟೋ ತೆಗೆದೆ. ಕರೆಂಟು ಇತ್ತು, ಗಾಳಿಯನ್ನೂ ಬಿಟ್ಟೆ. ಸುಮ್ಮನೆ, ಕೈ ಸುಮ್ಮನಿರಲಾರದೆ. ಅಂಕಿ ಬಂತು. ಚಪ್ಪಟೆ ತುದಿಯ ಸೋರಿಕೆಯೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಏನೂ ಬದಲಾಗದ, ಮಾರ್ಚಿನದ್ದೇ ತುದಿ.

ಯಾರಿಗೂ ಹೇಳದೆ ಕೊಳವೆ ಬಿಚ್ಚಿ ನೋಡಿದೆ, ರಬ್ಬರ್ ಪೈಪುಗಳನ್ನು ಬದಲಿಸಿದೆ, ಗಾಳಿ ಊದುವ ಬ್ಲೋವರಿನ ಬೆಲ್ಟು ಬಿಗಿದೆ. ಎರಡು ದಿನ ಊಟ ರುಚಿಸಲಿಲ್ಲ. ಅಂಕಿ ಅಲುಗಲಿಲ್ಲ. ತುದಿ ಯಾವುದಾದರೂ ಒಂದೇ ಎನ್ನುವುದಾದರೆ, ಜೂನಿನಲ್ಲಿ ನಾವು ಗೋಳಿಬಜೆ ತಿಂದದ್ದು ಯಾವ ಸಂಭ್ರಮಕ್ಕೆ?

ಮರುದಿನ ಭಾನುವಾರ. ಬೆಳಿಗ್ಗೆ ಬಚ್ಚಲುಮನೆಯಿಂದ ಅಮ್ಮನ ಬೈಗುಳ ಕೇಳಿಸಿತು. ಮನೆಯಲ್ಲಿ ನಾವು ಮಾತಾಡುವುದು ತುಳು. ಕನ್ನಡಕ್ಕೆ ತಂದರೆ ಅವಳ ಬೈಗುಳದ ಅರ್ಧ ಖಾರ ಹೋಗುತ್ತದೆ, ಆದರೂ ಹೇಳುತ್ತೇನೆ.

“ಒಂದು ಕೈಯಲ್ಲಿ ಚೊಂಬು, ಒಂದು ಕೈಯಲ್ಲಿ ಬಾಗಿಲು! ಹೀಗೆ ಸ್ನಾನ ಮಾಡುದಾ ನಾನು? ಚಿಲಕ ತೂತಿನ ಹತ್ತಿರವೇ ಬರುದಿಲ್ಲ!”

“ಮಳೆಗೆ ಬಾಗಿಲು ಹಿಗ್ಗಿರ್ತದೆ ಅಮ್ಮ.”

“ಹಿಗ್ಗಿದ್ದಲ್ಲ, ಬಾಗಿದ್ದು. ನಡುವಿನಲ್ಲಿ ಒಳಗೆ ಬಂದಿದೆ, ಬಂದು ನೋಡು, ಗರ್ಭಿಣಿಯ ಹಾಗೆ. ಯಾರು ಇದಕ್ಕೆ ಎಣ್ಣೆ ಕೊಟ್ಟದ್ದು?”

“ನಾನೇ” ಎಂದೆ.

“ಒಂದೇ ಬದಿಗಾ?” ಒದ್ದೆ ತಲೆಗೆ ಬೈರಾಸು ಸುತ್ತಿಕೊಂಡು ಹೊರಗೆ ಬಂದಳು. “ಬೋಟಿನವರ ಮನೆಯಲ್ಲಿ ಹುಟ್ಟಿ ಒಂದೇ ಬದಿಗೆ ಎಣ್ಣೆ ಕೊಡ್ತಾರಾ? ಹೊರಗಿನ ಬದಿಗೆ ಎಣ್ಣೆ ಕುಡಿಸಿದೆ. ಒಳಗಿನ ಬದಿ ದಿನಾ ನೀರು ಕುಡೀತದೆ. ಕುಡಿದ ಬದಿ ಉಬ್ಬದೆ ಮತ್ತೆ ಎಂತ ಮಾಡ್ತದೆ? ಇಷ್ಟು ಓದಿದ್ದು ಎಂತಕ್ಕೆ ನೀನು?”

ನಾನು ಬಾಗಿಲನ್ನೇ ನೋಡುತ್ತ ನಿಂತೆ. ಹೊರಗೆ ಎಣ್ಣೆ, ಒಳಗೆ ಹಸಿ ಗಾಳಿ. ಅದೇ ಬಾಟಲಿ, ಅದೇ ಕೈ. ಅಮ್ಮ ಇನ್ನೂ ಏನೇನೋ ಹೇಳುತ್ತಿದ್ದಳು. ನಾನು ಚಪ್ಪಲಿ ಹಾಕಿಕೊಂಡು, ಕೊಡೆ ಎತ್ತಿಕೊಂಡು ಹೊರಟೇಬಿಟ್ಟೆ. ದಾರಿಯಿಂದ ಸಂಜೀವಣ್ಣನಿಗೆ ಫೋನ್ ಮಾಡಿದೆ. ಅವರು ಭಾವನ ಮನೆಯಲ್ಲಿ ತಿಂಡಿಗೆ ಕೂರುವವರಿದ್ದರು. “ಭಾನುವಾರ ಕೂಡ ಬಿಡುದಿಲ್ಲ ನೀನು” ಎಂದು ಗೊಣಗಿದರೂ ನಾನು ಗುಡ್ಡ ಹತ್ತುವಷ್ಟರಲ್ಲಿ ಬೀಗದ ಕೈ ಹಿಡಿದು ನಿಂತಿದ್ದರು.

ಗೋಡೆಯ ಬೋಲ್ಟು ಬಿಚ್ಚಿ ಮೇಜಿನ ಮೇಲೆ ಒಳಬದಿ ಮೇಲೆ ಮಾಡಿ ಮಲಗಿಸಿದೆವು. ಅದರ ಮೇಲೆ ಉದ್ದದ ಸ್ಟೀಲ್ ಸ್ಕೇಲನ್ನು ಅದರದೇ ಅಂಚಿನ ಮೇಲೆ ನಿಲ್ಲಿಸಿದೆ. ಗೋಡೆ ಸಮ ಇದ್ದಿದ್ದರೆ ಸ್ಕೇಲು ಅಲ್ಲಾಡಬಾರದು. ಒಂದು ಕೊನೆಯನ್ನು ಬೆರಳಿನಿಂದ ಒತ್ತಿದೆ. ಇನ್ನೊಂದು ಕೊನೆ ಮೇಲೆದ್ದಿತು. ಬಿಟ್ಟೆ, ಕೆಳಗೆ ಬಂತು. ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಕಣ್ಣಿಗೆ ಕಾಣುವಂಥ ಉಬ್ಬು ಅಲ್ಲ, ಮುಕ್ಕಾಲು ಮಿಲಿಮೀಟರ್. ಆದರೆ ಸಂದು ಇದ್ದದ್ದೇ ಒಂದೂವರೆ. ನಡುವಿನ ಬ್ಲೇಡಿನ ಎದುರು ಗೋಡೆ ತಾನೇ ಮುಂದೆ ಬಂದು ಅರ್ಧ ಸಂದು ಮುಚ್ಚಿತ್ತು. ಸೋರಿಕೆ ಕಡಿಮೆ ಮಾಡಿದ್ದು ನನ್ನ ತುದಿ ಅಲ್ಲ, ನನ್ನ ಗೇರೆಣ್ಣೆ.

ಸಂಜೀವಣ್ಣ ತಾವೂ ಒಮ್ಮೆ ಸ್ಕೇಲು ಒತ್ತಿ ನೋಡಿದರು. “ನಾನೂ ನೋಡ್ಲಿಲ್ಲ” ಅಂದರು. “ಮೂವತ್ತು ವರ್ಷ ಮರದ ಕೆಲಸ ನೋಡಿದ್ದೇನೆ. ಆದರೂ ಒಂದು ಬದಿಗೆ ಸಾಕು ಅಂತ ನೀನು ಹೇಳುವಾಗ ಹೂಂ ಅಂದೆ.” ಮತ್ತೆ ನಿಧಾನವಾಗಿ, “ನಾವು ಹೇಳದಿದ್ರೆ ಇದು ಯಾರಿಗೂ ಗೊತ್ತಾಗುದಿಲ್ಲ, ಗೊತ್ತುಂಟಾ?”

ಅವರು ಮುಚ್ಚಿಡು ಎನ್ನಲಿಲ್ಲ. ಇರುವ ವಿಷಯ ಹೇಳಿದರು, ಅಷ್ಟೆ. ಹೌದು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗ್ರಾಫು ಹೋಗಿ ತಿಂಗಳಾಗಿತ್ತು. ಚಪ್ಪಟೆ ತುದಿಯನ್ನು ಮತ್ತೆ ಓಡಿಸಿದ್ದು ನನ್ನ ಪುಸ್ತಕದಲ್ಲಿ ಮಾತ್ರ ಇತ್ತು. ಬಾಯಿ ಮುಚ್ಚಿಕೊಂಡರೆ ಆ ಟರ್ಬೈನು ನನ್ನದೇ. ಸುಳ್ಳು ಹೇಳುವುದಿಲ್ಲ, ಆ ಮೇಜಿನ ಮುಂದೆ ನಿಂತು ನಾನು ಅದನ್ನು ಯೋಚಿಸಿದೆ. ಒಂದು ಚಾ ಕುಡಿಯುವಷ್ಟು ಹೊತ್ತು ಯೋಚಿಸಿದೆ. ಆಮೇಲೆ ನನ್ನ ಮೇಲೇ ಎಂಥ ಕೋಪ ಬಂತೆಂದರೆ, ಸ್ಕೇಲನ್ನು ಮೇಜಿನ ಮೇಲೆ ಎಸೆದೆ. ನನ್ನ ತುದಿ ಸೋರಿಕೆ ತಡೆಯುತ್ತದೋ ಇಲ್ಲವೋ ಎಂಬುದು ನನಗೇ ಗೊತ್ತಿಲ್ಲ ಈಗ. ಗೊತ್ತಿಲ್ಲದೆ ಅದನ್ನು ಬೆಂಕಿಗೆ ಹಾಕಿ ಏನು ಸುಖ?

ಸೋಮವಾರ ಪಾಟೀಲ ಸರ್ ಎದುರು ನಿಂತು ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿದರು.

“ಜೂನದಾಗ ಕಳಿಸಿದ್ದು ಸುಳ್ಳ ಅಂತೀಯೇನು?”

“ಸುಳ್ಳಲ್ಲ ಸರ್, ತಪ್ಪು.”

“ಅವರಿಗೆ ಎರಡೂ ಒಂದ.” ಎದ್ದು ಕಿಟಕಿಯ ಹತ್ತಿರ ಹೋದರು. ಹೊರಗೆ ಮಳೆ ಹೊಯ್ಯುತ್ತಿತ್ತು. “ನಮ್ಮ ಕಡೆ ಕಟ್ಟಿಗಿ ಒಣಗಿ ಬಿರುಕ ಬಿಡತೈತಿ. ಹಿಂಗ ಉಬ್ಬತೈತಿ ಅಂತ ನಂಗೇನ ಗೊತ್ತು? ನೀ ಇಲ್ಲೇ ಹುಟ್ಟಿದಾಕಿ.”

ಅವಮಾನಕ್ಕೆ ಕಿವಿ ಸುಡುತ್ತಿತ್ತು.

“ಬರಿ ಅವರಿಗೆ” ಅಂದರು ಕಡೆಗೆ. “ನೀನ ಬರಿ. ಖರೇ ಹೇಳಿದ್ದು ನೀನು. ಕೆಳಗ ಮಾತ್ರ ಇಬ್ಬರದೂ ಹೆಸರು ಹಾಕು.”

ಮೊದಲು ಒಂದು ಪುಟ ಬರೆದೆ. ತೇವಾಂಶ, ಪ್ಲೈವುಡ್ಡು, ಕ್ಷಮೆ, ಇನ್ನೂ ಏನೇನೋ. ಅಳಿಸಿದೆ. ಕೊನೆಗೆ ಉಳಿದದ್ದು ಮೂರು ಸಾಲು. ಸುರಂಗದ ಗೋಡೆ ಬಾಗಿತ್ತು, ಜೂನಿನ ಅಂಕಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಹೊಸದಾಗಿ ಅಳೆಯುತ್ತಿದ್ದೇವೆ. ಉತ್ತರ ಎರಡೇ ಸಾಲು. ತಾರೀಕು ಬದಲಾಗುವುದಿಲ್ಲ. ಅಂದು ಏನಿದೆಯೋ ಅದನ್ನು ನೋಡುತ್ತೇವೆ.

ಮೂರು ವಾರ ಇತ್ತು. ಮರದ ಸಹವಾಸ ಸಾಕು ಎಂದು ಸಂಜೀವಣ್ಣ ಬೈಕಂಪಾಡಿಯ ಪರಿಚಯದ ವರ್ಕ್‌ಶಾಪಿನಿಂದ ದಪ್ಪ ಅಲ್ಯೂಮಿನಿಯಂ ಹಲಗೆಯೊಂದನ್ನು ಗೂಡ್ಸ್ ರಿಕ್ಷಾದಲ್ಲಿ ಹಾಕಿಸಿಕೊಂಡು ಬಂದರು. ಟಾರ್ಪಾಲು ಹೊದಿಸಿದ್ದರು, ಮಗುವಿಗೆ ಹೊದಿಸಿದ ಹಾಗೆ. ಅದನ್ನು ಸಮ ಮಾಡಿ, ನಡುವಿನ ಬ್ಲೇಡಿನ ನೇರಕ್ಕೆ ಒಂದು ತೂತು ಕೊರೆದೆವು. ಆ ತೂತಿನಿಂದ ಗೇಜು ಇಳಿಸಿದರೆ ನಡುವಿನ ಸಂದನ್ನೇ ಅಳೆಯಬಹುದು, ಅಳೆದ ಮೇಲೆ ಬಿರಡೆ ಹಾಕಿ ಮುಚ್ಚಬಹುದು. ನಾನು ಒಂದು ನಿಯಮ ಮಾಡಿದೆ. ಯಾವ ಹೊಸ ತುದಿ ಓಡಿಸಿದರೂ ಅದರ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಚಪ್ಪಟೆ ತುದಿ. ಪ್ರತಿ ಸಲ ಹನ್ನೆರಡು ಬೋಲ್ಟು ಬಿಚ್ಚಿ ಹನ್ನೆರಡು ಬೋಲ್ಟು ಹಾಕಬೇಕು. “ಎಷ್ಟ ಸಲ ಚಪ್ಪಟಿ ಓಡಸ್ತೀಯವಾ” ಎಂದು ಪಾಟೀಲ ಸರ್ ಕೇಳಿದರು. “ನನಗೆ ನಂಬಿಕೆ ಬರುವವರೆಗೆ ಸರ್” ಅಂದೆ. ಮತ್ತೆ ಅವರು ಕೇಳಲಿಲ್ಲ.

ಆ ಜುಲೈಯ ಮಳೆ ಹಗಲಿಗೆ ನಾಲ್ಕು ಸಲ ಕರೆಂಟು ಕೊಂಡೊಯ್ಯುತ್ತಿತ್ತು. ಅರ್ಧ ಅಳತೆ ಆಗಿರುತ್ತದೆ, ಬ್ಲೋವರು ನಿಟ್ಟುಸಿರು ಬಿಟ್ಟು ನಿಲ್ಲುತ್ತದೆ. ಅರ್ಧವನ್ನು ಉಳಿಸಿಕೊಳ್ಳುವುದಿಲ್ಲ, ಮೊದಲಿನಿಂದ ಮಾಡುವುದು ಎಂದು ನಾನೇ ಹೇಳಿದ್ದೆ. ಹೇಳಿದ್ದಕ್ಕೆ ಪಶ್ಚಾತ್ತಾಪ ಪಡುತ್ತ ಮೊದಲಿನಿಂದ ಮಾಡುತ್ತಿದ್ದೆ. ಒದ್ದೆ ಬಟ್ಟೆ ಮೈಮೇಲೆಯೇ ಒಣಗುತ್ತಿತ್ತು. ಬೋಲ್ಟುಗಳಿಗೆ ಒಂದೇ ದಿನದಲ್ಲಿ ತುಕ್ಕು ಬರುತ್ತಿತ್ತು.

ಹತ್ತನೆಯ ದಿನ ನಿಜ ಗೊತ್ತಾಯಿತು. ಚಪ್ಪಟೆ ತುದಿ ಮಾರ್ಚಿನ ಅಂಕಿಗೇ ಬಂದು ನಿಂತಿತು, ಸರಿ. ಎಲ್ಲರಿಗೂ ಗೊತ್ತಿದ್ದ ಪೂರ್ತಿ ಅಂಚಿನ ತುದಿ ಅದಕ್ಕಿಂತ ಸ್ವಲ್ಪ ಒಳ್ಳೆಯದು, ಅದೂ ಸರಿ. ನನ್ನ ಕತ್ತರಿಸಿದ ಅಂಚು ಪೂರ್ತಿ ಅಂಚಿಗಿಂತ ಕೆಟ್ಟದ್ದು. ಮೂರು ಸಲ ಓಡಿಸಿದೆ. ಮೂರು ಸಲವೂ ಕೆಟ್ಟದ್ದು.

ಎರಡು ವರ್ಷದ ಹಟ ಅದು. ಬಿಟ್ಟುಬಿಡೋಣ ಎಂದು ಒಂದು ಕ್ಷಣವೂ ಅನಿಸಲಿಲ್ಲ. ಅದು ಧೈರ್ಯವಲ್ಲ, ಸಿಟ್ಟು. ಎಣ್ಣೆಗೆ ಬಣ್ಣ ಕಲಸಿ ತುದಿಗೆ ಬಳಿದು ಗಾಳಿ ಬಿಟ್ಟೆ. ಗಾಳಿ ಹೋದ ದಾರಿಯಲ್ಲಿ ಬಣ್ಣ ಗೆರೆ ಬಿಡುತ್ತದೆ. ನಿಲ್ಲಿಸಿ, ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದೆ. ಕತ್ತರಿಸಿದ ಜಾಗದಲ್ಲಿ ಗಾಳಿ ಹೊರಗೆ ಹೋಗುವ ಬದಲು ಅರ್ಧ ಉದ್ದ ಒಳಗೆ ನುಗ್ಗಿತ್ತು. ಗಾಳಿ ಬ್ಲೇಡು ಬಿಟ್ಟುಹೋಗುವ ಬಾಲದ ಹತ್ತಿರ ಮಾತ್ರ ನಾನು ಅಂದುಕೊಂಡ ಹಾಗೆ ಹೊರಗೆ ಹರಿದಿತ್ತು. ಹಾಗಾದರೆ ಕತ್ತರಿಸಿದ್ದು ತಪ್ಪಲ್ಲ, ಅತಿಯಾಗಿ ಕತ್ತರಿಸಿದ್ದು ತಪ್ಪು.

“ಕತ್ತರಿಸಿದ್ದನ್ನು ಮತ್ತೆ ಅಂಟಿಸ್ಲಿಕ್ಕೆ ಆಗುದಿಲ್ಲ ಮಾರಾಯ್ತಿ” ಅಂದರು ಸಂಜೀವಣ್ಣ. “ಐದೂ ಹೊಸತು ಮಾಡ್ಬೇಕು.”

“ಎಷ್ಟು ದಿನ ಬೇಕು?”

“ಆರು.”

“ನಾಲ್ಕು ಕೊಡ್ತೇನೆ.”

ಅವರು ನಕ್ಕುಬಿಟ್ಟರು. “ನಿನ್ನ ಅಮ್ಮ ಮೀನಿಗೆ ಹೀಗೇ ಚೌಕಾಸಿ ಮಾಡ್ತಾರಾ? ಆಯ್ತು, ಮಾಡುವ.”

ನಾಲ್ಕೂವರೆ ದಿನಕ್ಕೆ ಆಯಿತು. ಕೊನೆಯ ಅಂಚನ್ನು ಅವರು ಕೈಯಲ್ಲೇ ಅರ ಹಿಡಿದು ಉಜ್ಜಿದರು. ಉಜ್ಜಿ, ಹೆಬ್ಬೆರಳಿನಿಂದ ಸವರಿ, ಮತ್ತೆ ಉಜ್ಜಿದರು. ಓಡಿಸಿದೆವು. ಚಪ್ಪಟೆ, ಹೊಸತು, ಚಪ್ಪಟೆ, ಹೊಸತು. ಹೊಸ ತುದಿ ಪೂರ್ತಿ ಅಂಚಿಗಿಂತ ಸ್ವಲ್ಪವೇ ಸ್ವಲ್ಪ ಮೇಲು. ಜೂನಿನ ಅಂಕಿಯ ಪಕ್ಕದಲ್ಲಿಟ್ಟರೆ ನಗು ಬರುವಷ್ಟು ಚಿಕ್ಕದು. ಆದರೆ ಎಷ್ಟು ಸಲ ಓಡಿಸಿದರೂ ಅದು ಅಲ್ಲೇ ಇತ್ತು, ಜಾಗ ಬಿಟ್ಟು ಕದಲಲಿಲ್ಲ.

ಬೆಂಗಳೂರಿನಿಂದ ಮೂವರು ಬಂದರು. ಹಿರಿಯರೊಬ್ಬರು, ತೆಳ್ಳಗೆ, ಪ್ಯಾಂಟಿನ ಕಾಲು ಮೊಣಕಾಲಿನವರೆಗೆ ಒದ್ದೆ. ನಾನು ತೋರಿಸಿದ್ದನ್ನೆಲ್ಲ ನೋಡಿ ಕೇಳಿದರು. “ಜೂನಲ್ಲಿ ಕಳಿಸಿದ್ದು ಇದಕ್ಕಿಂತ ತುಂಬಾ ದೊಡ್ಡದಿತ್ತಲ್ಲಮ್ಮ. ಅದು ತಪ್ಪು ಅಂತ ನೀವೇ ಬರೆದ್ರಿ. ಇದು ಸರಿ ಅಂತ ನಾವು ಯಾಕೆ ನಂಬಬೇಕು?”

“ನಂಬಬೇಡಿ ಸರ್” ಅಂದೆ. ಪಾಟೀಲ ಸರ್ ಕೆಮ್ಮಿದರು. “ಕೆಳಗೆ ಲ್ಯಾಬಿಗೆ ಬನ್ನಿ, ನೀವೇ ಅಳೆಯಿರಿ.”

ಚಪ್ಪಟೆ ತುದಿ ಹಾಕಿ ಗಾಳಿ ಬಿಟ್ಟೆವು. ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು. ಮಾಡಿನ ಮೇಲೆ ಮಳೆಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಹಿರಿಯರು ಮೂಲೆಯಲ್ಲಿ ಒರಗಿಸಿದ್ದ ಹಳೆಯ ಪ್ಲೈವುಡ್ಡನ್ನು ನೋಡಿ “ಇದೇನಾ ಅದು?” ಎಂದರು. ಮಲಗಿಸಿ, ಸ್ಕೇಲು ಕೊಟ್ಟೆ. ಅವರು ಬೆರಳಿನಿಂದ ಒತ್ತಿದರು. ಸ್ಕೇಲು ತೂಗಿತು. ಮತ್ತೆ ಒತ್ತಿದರು, ಮಕ್ಕಳ ಹಾಗೆ ನಾಲ್ಕೈದು ಸಲ. “ಹೇಗೆ ಗೊತ್ತಾಯ್ತು ನಿಮಗೆ?”

“ನಮ್ಮ ಬಚ್ಚಲುಮನೆ ಬಾಗಿಲಿಗೂ ಇದೇ ಎಣ್ಣೆ ಹಚ್ಚಿದ್ದೆ ಸರ್. ಅಮ್ಮ ಬೈದಳು.”

ಯಾರೂ ನಗಲಿಲ್ಲ, ಸಂಜೀವಣ್ಣನ ಹೊರತು. ಮುಕ್ಕಾಲು ಗಂಟೆಯ ಮೇಲೆ ಕರೆಂಟು ಬಂತು. “ಮುಂದುವರಿಸಿ” ಎಂದರು ಹಿರಿಯರು. “ಇಲ್ಲ ಸರ್, ಮೊದಲಿನಿಂದ” ಎಂದೆ ನಾನು. ಅವರು ಗಡಿಯಾರ ನೋಡಿದರು, ರೈಲಿಗೆ ಹೊತ್ತಾಗುತ್ತಿತ್ತು. ಆದರೂ ಸ್ಟೂಲು ಎಳೆದು ಕೂತರು. ತೂತಿನಿಂದ ಗೇಜು ಇಳಿಸಿ ನಡುವಿನ ಸಂದನ್ನು ತಾವೇ ಓದಿದರು. ಒಂದೂವರೆ. ಚಪ್ಪಟೆ ಮಾರ್ಚಿನ ಅಂಕಿಗೆ ಬಂತು. ಹೊಸ ತುದಿ ತನ್ನ ಚಿಕ್ಕ ಅಂಕಿಗೆ ಬಂತು. ಅವರು ಎರಡನ್ನೂ ತಮ್ಮ ಡೈರಿಯಲ್ಲಿ ಬರೆದುಕೊಂಡು ಏನೂ ಹೇಳದೆ ಹೋದರು.

ಹನ್ನೊಂದು ದಿನದ ಮೇಲೆ ಪತ್ರ ಬಂತು. ಆರಿಸಿದ್ದು ನಮ್ಮದನ್ನು. ಬೇರೆ ಕಾಲೇಜಿನವರ ಅಂಕಿಗಳು ನಮ್ಮದಕ್ಕಿಂತ ದೊಡ್ಡವು ಎಂದು ಆಮೇಲೆ ತಿಳಿಯಿತು. ಪಾಟೀಲ ಸರ್ ಪತ್ರವನ್ನು ಎರಡು ಸಲ ಓದಿ ಕಿಟಕಿಯ ಹೊರಗಿನ ಮಳೆಗೆ “ಬಾ, ಎಷ್ಟ ಬರ್ತೀ ಬಾ” ಅಂದರು. ನಾನು ವರ್ಕ್‌ಶಾಪಿಗೆ ಓಡಿ ಸಂಜೀವಣ್ಣನಿಗೆ ಹೇಳುವಾಗ ಅತ್ತೆ. ಅವರು ಅರ ಕೆಳಗಿಟ್ಟು, ಕೈ ಒರೆಸಿಕೊಂಡು, ತಲೆ ಸವರಿದರು.

ಮುಂದಿನ ವರ್ಷ ಅದು ಓಡಿತು. ಓಡಿದ ಬ್ಲೇಡುಗಳಲ್ಲಿ ಒಂದನ್ನು ಬೆಂಗಳೂರಿನವರು ನನಗೆ ಕಳಿಸಿಕೊಟ್ಟರು. ನನ್ನ ಕಿರುಬೆರಳಿಗಿಂತ ಸ್ವಲ್ಪ ದೊಡ್ಡದು. ಬೆಂಕಿ ತಿಂದು ನೀಲಿ ಕಂದು ಬಣ್ಣ. ತುದಿಯ ಅಂಚು ಒಂದು ಕಡೆ ಕವಚಕ್ಕೆ ತಾಗಿ ಹೊಳಪಾಗಿತ್ತು. ಕತ್ತರಿಸಿದ ಜಾಗ ಹಾಗೆಯೇ ಇತ್ತು. ಮನೆಗೆ ತಂದು, ಮರುದಿನ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮೊದಲು ಅಮ್ಮನ ಕೈಯಲ್ಲಿಟ್ಟೆ. ಅವಳು ಮೆಟ್ಟುಕತ್ತಿಯ ಮುಂದೆ ಕೂತು ಬಂಗುಡೆ ಹೆಚ್ಚುತ್ತಿದ್ದಳು. ಕೈ ತೊಳೆದುಕೊಂಡು ಬಂದು, ಕತ್ತಿಯ ಹರಿತ ನೋಡುವ ಹಾಗೆ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು.

“ಇಷ್ಟಕ್ಕೆ ಅಷ್ಟು ಹೋರಾಟವಾ?”

“ಇಷ್ಟಕ್ಕೇ.”

“ಈಗ ಸೋರುದಿಲ್ಲ ಅಲ್ಲ?”

“ಸೋರ್ತದೆ ಅಮ್ಮ. ಮೊದಲಿಗಿಂತ ಒಂಚೂರು ಕಡಿಮೆ.”

ಅಮ್ಮ ಬ್ಲೇಡನ್ನು ನನ್ನ ಅಂಗೈಗೆ ವಾಪಸು ಇಟ್ಟಳು. ಮತ್ತೆ ಮೆಟ್ಟುಕತ್ತಿಯ ಮುಂದೆ ಕೂತು, ಮುಂದಿನ ಮೀನು ಎತ್ತಿಕೊಂಡು ಹೇಳಿದಳು.

“ಮತ್ತೆ ಎಂತ ಇಲ್ಲಿ ಕೂತದ್ದು? ಹೋಗು, ಬಸ್ಸು ಸಿಗುದಿಲ್ಲ.”